ಮೂರನೇ ಗೆರೆಯ ಅರ್ಧ ಇಂಚು

ಹಾಲ್ಬರ್ಗ್ ಫೆರಿ, ಅಯೋವಾ
ಮೇ 8, 1984

ಮಾರ್ಲಿಸ್,

ಆರು ವರ್ಷದ ಮೇಲೆ ಬರೆಯುವ ಕಾಗದವನ್ನು ಕ್ಷೇಮ ಸಮಾಚಾರದಿಂದ ಶುರು ಮಾಡಬೇಕು ಎಂದು ನಿನ್ನ ಅಮ್ಮ ನನ್ನ ಹಿಂದೆಯೇ ನಿಂತು ಹೇಳುತ್ತಿದ್ದಾಳೆ. ನನಗೆ ಅದು ಬರುವುದಿಲ್ಲ. ವಿಷಯಕ್ಕೆ ಬರುತ್ತೇನೆ.

ನಮ್ಮ ಫೆರಿಮೆನ್ ತಂಡ ಕಳೆದ ವಾರ ನಿಮ್ಮೂರಿನಲ್ಲಿ ಬೇಸ್‌ಬಾಲ್ ಆಡಿ, ಮೂರಕ್ಕೆ ಮೂರೂ ಪಂದ್ಯ ಸೋತು ಬಂತು. ಸೋತವರ ಬಟ್ಟೆ ಎಂದಿನಂತೆ ಒಗೆಯಲು ನಮ್ಮ ಮನೆಗೇ ಬಂತು. ನಿನ್ನಮ್ಮ ನೆನೆಹಾಕುವ ಮೊದಲೇ ನಾನು ಒಂದು ಪ್ಯಾಂಟನ್ನು ಹಿತ್ತಿಲಿಗೆ ಒಯ್ದು, ಮೊಣಕಾಲಿನ ಮೇಲಿದ್ದ ಮಣ್ಣನ್ನು ಉಗುರಿನಿಂದ ಕೆರೆದು ನೋಡಿದೆ. ಪ್ರೇರಿ ಡೆಲ್‌ನ ಮಣ್ಣು ನನಗೆ ಹಳೆಯ ಪರಿಚಯ. ಬೂದು ಬಣ್ಣ, ಹಿಡಿದರೆ ಹುಡಿಹುಡಿ. ಇದು ಹಾಗಿರಲಿಲ್ಲ. ಜೇಡಿ ಬೆರೆಸಿದ್ದಾರೆ, ಇಟ್ಟಿಗೆ ಪುಡಿ ಬೆರೆಸಿದ್ದಾರೆ, ಮೂರು ಸಲ ಜರಡಿ ಹಿಡಿದಿದ್ದಾರೆ. ಮೂರು ಸಲ ಜರಡಿ ಹಿಡಿಯುವ ಹುಚ್ಚು ಈ ರಾಜ್ಯದಲ್ಲಿ ಇಬ್ಬರಿಗೇ ಇರುವುದು, ಅದರಲ್ಲಿ ಒಬ್ಬ ನಾನು. ತಂಡದ ಬಸ್ ಡ್ರೈವರನ್ನು ಕೇಳಿದೆ. "ಹೂಂ, ಹೆಂಗಸೇ. ಟೋಪಿ ಹಾಕ್ಕೊಂಡು ಯಾರ ಜೊತೇನೂ ಮಾತಾಡ್ದೆ ಮಣ್ಣು ಬಾಚ್ತಾ ಇರ್ತಾಳೆ. ಮುಖ ನಿಮ್ಮ ಥರಾನೇ ಗಂಟು" ಎಂದ.

ಅಂದರೆ ನೀನು ಮತ್ತೆ ಈ ಕಸುಬಿಗೆ ಬಂದಿದ್ದೀಯೆ.

ಇನ್ನು ತಪ್ಪು ಹೇಳುತ್ತೇನೆ. ನಿಮ್ಮ ಕ್ರೋಸ್ ತಂಡದವರಿಗೆ ಬಲವಾಗಿ ಹೊಡೆಯಲು ಬರುವುದಿಲ್ಲ. ಬ್ಯಾಟನ್ನು ಅಡ್ಡ ಹಿಡಿದು, ಚೆಂಡನ್ನು ಮೂರನೇ ಬೇಸಿನ ಗೆರೆಯ ಗುಂಟ ಮೆಲ್ಲನೆ ಉರುಳಿಸಿ ಓಟ ಕೀಳುತ್ತಾರೆ. ಚೆಂಡು ಗೆರೆ ದಾಟಿದರೆ ಓಡಿದ್ದು ದಂಡ. ದಾಟದಿರಲಿ ಎಂದು ನೀನು ಗೆರೆಯ ಹೊರ ಅಂಚನ್ನು ಎತ್ತರಿಸಿದ್ದೀಯೆ. ಸರಿಯೇ. ನಮ್ಮ ತಂಡಕ್ಕೆ ತಕ್ಕ ಹಾಗೆ ನೆಲ ತಿದ್ದಿಕೊಳ್ಳುವುದನ್ನು ನಿನಗೆ ಹೇಳಿಕೊಟ್ಟವನೇ ನಾನು. ಆದರೆ ಅರ್ಧ ಇಂಚು ಹೆಚ್ಚಾಗಿದೆ. ಚೆಂಡು ಹೇಗೆ ತಿರುಗಿತು ಎಂದು ನಮ್ಮ ಹುಡುಗರು ಗೋಳಾಡಿದ್ದರಿಂದಲೇ ನನಗೆ ತಿಳಿಯಿತು. ಇಳಿಸು.

ವೆಂಡೆಲ್ ಕುಚೇರಾ
ಮೈದಾನದ ಮುಖ್ಯಸ್ಥ, ಫೆರಿಮೆನ್ ಪಾರ್ಕ್


ಪ್ರೇರಿ ಡೆಲ್
ಮೇ 17, 1984

ಶ್ರೀ ವೆಂಡೆಲ್ ಕುಚೇರಾ ಅವರಿಗೆ,

ತಮ್ಮ ಕಾಗದ ತಲುಪಿತು. ಇಳಿಸುವುದಿಲ್ಲ. ಯಾಕೆಂದು ಮಣ್ಣಿಗೆ ಗೊತ್ತಿದೆ.

ಬಸ್ ಡ್ರೈವರನಿಗೆ ಹೇಳಿ, ನನ್ನ ಮುಖ ಅಮ್ಮನ ಮುಖ. ಗಂಟು ಮಾತ್ರ ನಿಮ್ಮದು.

ಅಮ್ಮನಿಗೆ ನನ್ನ ಪ್ರೀತಿ ತಿಳಿಸಿ. ಇಲ್ಲಿ ಹೂರಣ ತುಂಬಿದ ಸರಿಯಾದ ಕೊಲಾಚೆ ಸಿಗುವುದಿಲ್ಲ. ಬೇಕರಿಯವನು ಮಾಡುವುದು ಬರೀ ಬನ್ನು, ನಡುವೆ ಒಂದು ತೂತು.

ಮಾರ್ಲಿಸ್ ಕುಚೇರಾ
ಮೈದಾನದ ತಾತ್ಕಾಲಿಕ ಮುಖ್ಯಸ್ಥೆ, ಕ್ರೋಸ್ ಫೀಲ್ಡ್


ಹಾಲ್ಬರ್ಗ್ ಫೆರಿ
ಜೂನ್ 4, 1984

ನನ್ನ ಮುದ್ದು ಮಾರ್ಲಿಸ್,

ಪೆಟ್ಟಿಗೆಯಲ್ಲಿ ಎರಡು ಡಜನ್ ಕೊಲಾಚೆ ಇಟ್ಟಿದ್ದೇನೆ. ಏಪ್ರಿಕಾಟಿನದು ಒಂದು ಸಾಲು, ಗಸಗಸೆಯದು ಒಂದು ಸಾಲು. ಗಸಗಸೆ ಸಾಲಿನಲ್ಲಿ ಎರಡು ಕಡಿಮೆ ಇದ್ದರೆ ನನ್ನನ್ನು ಬಯ್ಯಬೇಡ, ಪೆಟ್ಟಿಗೆ ಕಟ್ಟುವಾಗ ನಿನ್ನಪ್ಪ ಪಕ್ಕದಲ್ಲೇ ಸುಳಿದಾಡುತ್ತಿದ್ದ.

ಅವನ ಕಾಗದದಲ್ಲಿ ಇಲ್ಲದ್ದನ್ನು ನಾನು ಬರೆಯುತ್ತೇನೆ. ಆ ಪ್ಯಾಂಟನ್ನು ಹಿಡಿದುಕೊಂಡು ಅವನು ಹಿತ್ತಿಲಲ್ಲಿ ಅರ್ಧ ಗಂಟೆ ಕೂತಿದ್ದ. ನಿನ್ನ ಉತ್ತರ ಬಂದ ದಿನ ಅಡುಗೆಮನೆಗೆ ಬಂದು, "ಅವಳು ಇಳಿಸಲ್ವಂತೆ ಕಣೇ, ಇರೀನ್!" ಎಂದ. ಬಯ್ಯುತ್ತಿದ್ದಾನೆ ಎಂದುಕೊಂಡೆ. ನೋಡಿದರೆ ಬಾಯ್ತುಂಬ ನಗು. ಆಮೇಲೆ ಅದನ್ನೇ ಕ್ಷೌರದಂಗಡಿಯಲ್ಲಿ ಹೇಳಿದನಂತೆ, ಚರ್ಚಿನಲ್ಲಿ ಹೇಳಿದನಂತೆ. ನಿನಗೆ ಮಾತ್ರ ಹೇಳುವುದಿಲ್ಲ.

ತಾತ್ಕಾಲಿಕ ಎಂದರೇನು? ಅದನ್ನು ಓದಿ ಅವನ ಮುಖ ಇಳಿಯಿತು. ಯಾಕೆ ಎಂದರೆ ಎದ್ದು ಹುಲ್ಲು ಕತ್ತರಿಸಲು ಹೋದ. ಅವತ್ತು ಬೆಳಿಗ್ಗೆಯಷ್ಟೇ ಕತ್ತರಿಸಿದ್ದ ಹುಲ್ಲು.

ನಿನ್ನ ಅಮ್ಮ,
ಇರೀನ್


ಪ್ರೇರಿ ಡೆಲ್
ಜುಲೈ 15, 1984

ಅಪ್ಪನವರಿಗೆ,

ತಾತ್ಕಾಲಿಕ ಎಂದರೇನು ಎಂದು ಅಮ್ಮ ಕೇಳಿದ್ದಳು. ಈಗ ಹೇಳುತ್ತೇನೆ.

ನಿನ್ನೆ ನಮ್ಮ ತಂಡದ ಯಜಮಾನರು, ಡಿಟ್ಮರ್, ಕಚೇರಿಗೆ ಕರೆದರು. ಬಿತ್ತನೆ ಬೀಜದ ವ್ಯಾಪಾರಿ. ನೆಲದಿಂದ ಮೇಲೆ ಬರುವುದೆಲ್ಲ ತನಗೆ ಗೊತ್ತೆಂಬ ನಂಬಿಕೆ. ಮೇಜಿನ ಮೇಲೆ ಹಳೆಯ ಪತ್ರಿಕೆಯ ತುಂಡೊಂದಿತ್ತು. ನಿಮಗೂ ಗೊತ್ತಿರುವ ಚಿತ್ರವೇ. ಹಸಿರು ಮೈದಾನದ ನಡುವೆ ದೊಡ್ಡ ಹಳದಿ ಚೌಕ. ಕೆಳಗೆ 'ಮಗಳ ಮರೆವಿಗೆ ಬಲಿಯಾದ ಹುಲ್ಲು', ಅದರ ಕೆಳಗೆ ನನ್ನ ಹೆಸರು.

"ಈ ಮಾರ್ಲಿಸ್ ನೀನೇನಾ?"

"ಹೌದು."

"ಮೊದ್ಲೇ ಹೇಳ್ಬಾರ್ದಿತ್ತಾ? ಸರಿ, ಸೀಸನ್ ಮುಗಿಯೋ ತನಕ ನೋಡ್ತೀನಿ. ಮೈದಾನದ ದೆಸೆಯಿಂದ ಒಂದೇ ಒಂದು ಪಂದ್ಯ ಕೆಟ್ರೂ ನೀನು ಬೇರೆ ದಾರಿ ನೋಡ್ಕೋಬೇಕಾಗುತ್ತೆ ಕಣಮ್ಮ."

ನಾನು ಮರೆತಿರಲಿಲ್ಲ. ಅದನ್ನು ನಿಮಗಲ್ಲದೆ ಇನ್ನಾರಿಗೆ ಹೇಳಲಿ? ಆವತ್ತು ಬೆಳಿಗ್ಗೆ ಎಂಟಕ್ಕೆ ನಿಮ್ಮ ಬಳಿ ಬಂದು, "ಬಿಸಿಲು ಏರ್ತಿದೆ, ಮಳೆಗೆ ಹೊದಿಸಿದ ಟಾರ್ಪಾಲು ತೆಗೆದುಬಿಡ್ಲಾ ಅಪ್ಪಾ?" ಎಂದು ಕೇಳಿದ್ದೆ. ನೀವು ಮೊಣಕಾಲು ಸವರಿಕೊಂಡಿರಿ. ಮಳೆಯನ್ನು ಮೊದಲೇ ಹೇಳುತ್ತದೆ ಎಂದು ಊರೆಲ್ಲ ಹೆಸರಾದ ಮೊಣಕಾಲು. "ಇರ್ಲಿ ಬಿಡು, ಮಧ್ಯಾಹ್ನದೊಳಗೆ ಇನ್ನೊಂದು ಮಳೆ ಇದೆ" ಎಂದಿರಿ. ಮಳೆ ಬರಲಿಲ್ಲ, ತೊಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು ಬಂತು. ಟಾರ್ಪಾಲು ಎತ್ತಿದಾಗ ಬೇಯಿಸಿದ ಸೊಪ್ಪಿನ ವಾಸನೆ ಬಂತು. ಪತ್ರಿಕೆಯವನು ಹೇಗಾಯಿತೆಂದು ಕೇಳಿದಾಗ ನೀವು ನನ್ನ ಕಡೆ ಕೈ ತೋರಿಸಿ, "ಹುಡುಗಿ ಮರೆತಳು" ಎಂದಿರಿ. ಎರಡೇ ಮಾತು.

ಆ ಎರಡು ಮಾತಿಗಾಗಿ ನಾನು ಗಾಲ್ಫ್ ಕ್ಲಬ್ಬಿನಲ್ಲಿ ಮೂರು ವರ್ಷ, ಸ್ಮಶಾನದಲ್ಲಿ ಎರಡು ವರ್ಷ ಹುಲ್ಲು ಕತ್ತರಿಸಿದೆ. ಯಾವ ಬೇಸ್‌ಬಾಲ್ ಮೈದಾನದವರೂ ನನ್ನನ್ನು ಒಳಗೆ ಬಿಡಲಿಲ್ಲ. ನನಗೆ ಈ ಕೆಲಸ ಬೇಕು ಅಪ್ಪ. ಬೇರೆ ಏನೂ ಬೇಡ, ಈ ಕೆಲಸ ಬೇಕು.

ಉತ್ತರ ಬರೆಯುವುದಾದರೆ ಮಣ್ಣಿನ ವಿಚಾರ ಬರೆಯಬೇಡಿ.

ಮಾರ್ಲಿಸ್


ಹಾಲ್ಬರ್ಗ್ ಫೆರಿ
ಆಗಸ್ಟ್ 21, 1984

ಮಾರ್ಲಿಸ್,

ಜುಲೈ ತಿಂಗಳ ಕಾಗದ ಕೋಟಿನ ಜೇಬಿನಲ್ಲಿದೆ. ಉತ್ತರ ನಾಲ್ಕು ಸಲ ಬರೆದೆ. ನಾಲ್ಕೂ ಒಲೆಗೆ ಹೋದವು. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಾಗದದಲ್ಲಿ ಹೇಳಿ ಮುಗಿಸಿಬಿಟ್ಟರೆ ಅದು ಬಲು ಸುಲಭವಾಯಿತು ಎನ್ನಿಸಿತು, ಅಷ್ಟೇ. ನಾನು ಊರವರ ಮುಂದೆ ಆಡಿದ ಮಾತು ಅದು.

ಮಣ್ಣಿನ ವಿಚಾರ ಬೇಡ ಎಂದು ನೀನು ಬರೆದೆ. ಹಾಗಾದರೆ ಟಾರ್ಪಾಲಿನ ವಿಚಾರ. ನಿಮ್ಮವರದು ಹಳೆಯ ಟಾರ್ಪಾಲು, ನಡುವಿನ ಹೊಲಿಗೆ ಸಡಿಲವಾಗಿದೆ ಎಂದು ನಮ್ಮ ಹುಡುಗರು ಹೇಳುತ್ತಾರೆ. ಸೆಪ್ಟೆಂಬರಿನ ಗಾಳಿಗೆ ಅದು ನಿಲ್ಲುವುದಿಲ್ಲ. ಯಜಮಾನನಿಗೆ ಹೇಳು.

ಈ ಸಲ ಕಡೆಯ ಸುತ್ತಿನಲ್ಲಿ ನಿಮ್ಮ ಕ್ರೋಸ್ ತಂಡದ ಕಾಗೆಗಳು ಮತ್ತು ನಮ್ಮವರೇ ಎದುರಾಗುವ ಹಾಗೆ ಕಾಣುತ್ತದೆ. ಆಗ ನಾನು ಫೆರಿಮೆನ್ ಕಡೆಯವನು, ನೆನಪಿರಲಿ.

ಅಪ್ಪ


ಪ್ರೇರಿ ಡೆಲ್
ಸೆಪ್ಟೆಂಬರ್ 6, 1984, ಗುರುವಾರ

ಅಪ್ಪ,

ಫೋನ್ ಮಾಡಬಹುದಿತ್ತು. ಎರಡು ಸಲ ನಂಬರ್ ತಿರುಗಿಸಿ ಕೆಳಗಿಟ್ಟೆ. ಫೋನಿನಲ್ಲಿ ನಾವಿಬ್ಬರೂ ಉಸಿರು ಬಿಡುವುದನ್ನು ಕೇಳಲು ಯಾರಿಗೆ ಪುರುಸೊತ್ತಿದೆ!

ಮೊದಲೆರಡು ಪಂದ್ಯಗಳಲ್ಲಿ ತಲಾ ಒಂದು ಗೆದ್ದದ್ದು ನಿಮಗೆ ಗೊತ್ತು. ಚಾಂಪಿಯನ್ ಯಾರೆಂದು ತೀರ್ಮಾನವಾಗುವ ಮೂರನೆಯದನ್ನು ನಿನ್ನೆ ಇಲ್ಲಿ ಆಡಬೇಕಿತ್ತು. ಮಂಗಳವಾರದಿಂದ ಮಳೆ ಬಿಟ್ಟಿಲ್ಲ. ಇವತ್ತು ಬೆಳಿಗ್ಗೆ ಗಾಳಿಗೆ ಟಾರ್ಪಾಲು ನಡುವಿನ ಹೊಲಿಗೆಯಲ್ಲೇ ಹರಿಯಿತು. ನೀವು ಹೇಳಿದ ಜಾಗದಲ್ಲೇ. ನಾನು ಯಜಮಾನರಿಗೆ ಆಗಸ್ಟಿನಲ್ಲೇ ಹೇಳಿದ್ದೆ. ಈಗ ಅವರಿಗೆ ಅದು ನೆನಪಿಲ್ಲ. ಎರಡನೇ ಬೇಸಿನ ಸುತ್ತ ಬಾತುಕೋಳಿಗಳು ಇಳಿದಿವೆ. ಸುಳ್ಳಲ್ಲ, ನಾಲ್ಕು ಬಾತು.

ಭಾನುವಾರ ಮಧ್ಯಾಹ್ನ ಎರಡರೊಳಗೆ ಆಟ ಶುರುವಾಗದಿದ್ದರೆ ಲೀಗಿನ ನಿಯಮದಂತೆ, ವರ್ಷದಲ್ಲಿ ಹೆಚ್ಚು ಪಂದ್ಯ ಗೆದ್ದವರಿಗೆ ಕಪ್. ಅಂದರೆ ನಿಮಗೆ. ನಿಮ್ಮ ಹುಡುಗರು ಇಲ್ಲೇ ಹೋಟೆಲಿನಲ್ಲಿ ಇಸ್ಪೀಟು ಆಡುತ್ತಾ ಕೂತಿದ್ದಾರೆ. ಮಳೆ ಬಂದಷ್ಟೂ ಅವರಿಗೆ ಖುಷಿ. ನನ್ನ ಕೆಲಸದ ಕಥೆಯೂ ಭಾನುವಾರ ಮಧ್ಯಾಹ್ನಕ್ಕೇ ಮುಗಿಯುತ್ತದೆ.

ಏನನ್ನೂ ಕೇಳಲು ಬರೆಯುತ್ತಿಲ್ಲ. ನೀವು ಫೆರಿಮೆನ್ ಕಡೆಯವರು, ನೆನಪಿದೆ.

ಮಾರ್ಲಿಸ್

ನೀರು ಹೀರಲು ನೀವು ಹಾಕುತ್ತಿದ್ದ ಮೆಕ್ಕೆಜೋಳದ ದಿಂಡಿನ ಪುಡಿ ಈ ಕಡೆ ಎಲ್ಲೂ ಸಿಗುವುದಿಲ್ಲ. ಸುಮ್ಮನೆ ಹೇಳಿದೆ.


ಪ್ರೇರಿ ಡೆಲ್
ಸೆಪ್ಟೆಂಬರ್ 10, 1984, ಸೋಮವಾರ

ಅಮ್ಮಾ,

ಗೆದ್ದೆವು! ಅಪ್ಪ ನಿನಗೆ ಹೇಳಿರುತ್ತಾನೆ, ಆದರೆ ಅವನು ನಾಲ್ಕು ಮಾತಿನಲ್ಲಿ ಮುಗಿಸಿರುತ್ತಾನೆ. ನೀನು ನನ್ನಿಂದಲೇ ಕೇಳು.

ಭಾನುವಾರ ನಸುಕಿನಲ್ಲಿ ಮಳೆ ನಿಂತಿತು. ಏಳು ಗಂಟೆಗೆ ನಾನು ಬಕೆಟ್ಟಿನಲ್ಲಿ ನೀರು ಮೊಗೆಯುತ್ತಾ ಇದ್ದೆ. ಹಿಂದಿನ ಗೇಟಿನಲ್ಲಿ ಹಾರನ್ ಕೇಳಿತು. ನಮ್ಮ ಹಸಿರು ಟ್ರಕ್ಕು! ಹಿಂದುಗಡೆ ದಿಂಡಿನ ಪುಡಿಯ ಮೂಟೆ, ಮುಂದೆ ಮೂಟೆ, ನೀನು ಕೂರಬೇಕಾದ ಸೀಟಿನಲ್ಲೂ ಮೂಟೆ. ಅದಕ್ಕೇ ನಿನ್ನನ್ನು ಬಿಟ್ಟು ಬಂದನಂತೆ. "ನಿಮ್ಮಮ್ಮ ನೀರು ಹೀರಲ್ವಲ್ಲ" ಎಂದ. ಆರು ವರ್ಷದ ಮೇಲೆ ಎದುರಿಗೆ ನಿಂತು ಅವನಾಡಿದ ಮೊದಲ ಮಾತು ಇದು. ನಾನು ನಕ್ಕುಬಿಟ್ಟೆ, ಆಮೇಲೆ ಅತ್ತೆ. ಅವನು ಮೂಟೆ ಇಳಿಸುತ್ತಲೇ ಇದ್ದ.

ಇಬ್ಬರೇ ಶುರು ಮಾಡಿದೆವು. ಕೆಸರಿನ ಮೇಲೆ ಪುಡಿ ಚೆಲ್ಲುವುದು, ಅದು ನೀರು ಕುಡಿದು ಉಬ್ಬುವ ತನಕ ಕಾಯುವುದು, ಬಾಚಿ ಹೊರಗೆ ಹಾಕುವುದು, ಮತ್ತೆ ಚೆಲ್ಲುವುದು. ಒಂಬತ್ತೂವರೆಗೆ ಚರ್ಚು ಬಿಟ್ಟಿತು. ಲುಥರನ್ ಹೆಂಗಸರು ಹಬ್ಬದ ಉಡುಪಿನಲ್ಲೇ ಬೇಲಿಯ ಹತ್ತಿರ ಬಂದು ನಿಂತರು. "ಏನ್ ನೋಡ್ತಾ ನಿಂತಿದೀರಮ್ಮ, ಮನೇಲಿ ಟವೆಲ್ ಇಲ್ವಾ?" ಎಂದು ಅಪ್ಪ ಕೂಗಿದ. ನಾನು ನಾಚಿ ಸತ್ತೆ. ಹತ್ತು ಗಂಟೆಗೆ ಇಡೀ ಊರೇ ಮೈದಾನದಲ್ಲಿತ್ತು. ಸ್ನಾನದ ಟವೆಲ್ಲು, ಹಾಸಿಗೆಯ ಚಾದರ, ಒಬ್ಬಾಕೆ ಮದುವೆಯಲ್ಲಿ ಬಂದ ಮೇಜಿನ ಬಟ್ಟೆಯನ್ನೇ ತಂದಿದ್ದಳು. ರೈತರು ಒಳ್ಳೆಯ ಷರಟಿನ ತೋಳು ಮಡಚಿ ಮಂಡಿಯೂರಿ ನೀರು ಹಿಂಡುತ್ತಿದ್ದರು.

ಫೆರಿಮೆನ್ ಹುಡುಗರೂ ಬಂದರು. ಅವರ ಕ್ಯಾಪ್ಟನ್ ಡಾಲ್ಟನ್, "ವೆಂಡೆಲ್, ನೀವು ಯಾರ ಕಡೆಯವ್ರು? ಇದು ಒಣಗದಿದ್ರೆ ಕಪ್ ನಮ್ದು ಕಣ್ರಿ!" ಎಂದ.

"ಇಸ್ಪೀಟಾಡಿ ಗೆದ್ದ ಕಪ್ಪನ್ನ ಎಲ್ಲಿಟ್ಕೋತೀಯೋ? ಹಿಡಿ ಬಕೆಟ್ಟು" ಎಂದ ಅಪ್ಪ. ಡಾಲ್ಟನ್ ಬಕೆಟ್ ಹಿಡಿದ. ಉಳಿದವರೂ ಹಿಡಿದರು.

ಹನ್ನೊಂದಕ್ಕೆ ಡಿಟ್ಮರ್ ಬಂದರು, ರಬ್ಬರ್ ಬೂಟು ಹಾಕಿಕೊಂಡು. ಅಪ್ಪನ ಪರಿಚಯ ಆದ ಕೂಡಲೇ ದೊಡ್ಡ ದನಿಯಲ್ಲಿ, "ನಿಮ್ಮ ಮಗಳಿಗೂ ಟಾರ್ಪಾಲಿಗೂ ಆಗಿಬರಲ್ಲ ಅಂತ ಕಾಣುತ್ತೆ. ಮೊದಲನೇದು ಹುಲ್ಲು ಸುಡ್ತು, ಇದು ಮುಳುಗಿಸ್ತು!" ಎಂದು ನಕ್ಕರು. ಕೆಲವರು ಜೊತೆಗೆ ನಕ್ಕರು.

ಅಪ್ಪ ಕೈಯಲ್ಲಿದ್ದ, ಮಣ್ಣು ಬಾಚುವ ಹಲುಬೆಯನ್ನು ನೆಲಕ್ಕೆ ಊರಿದ. "ಸ್ವಾಮಿ, ಆ ಹುಲ್ಲು ಸುಟ್ಟೋನು ನಾನು" ಎಂದ. "ಇವಳು ಬಂದು ಕೇಳಿದ್ಲು, ತೆಗೀಲಾ ಅಂತ. ನಾನು ಬೇಡ ಅಂದೆ. ಆಮೇಲೆ ಮರ್ಯಾದೆ ಹೋಗುತ್ತೆ ಅಂತ ಇವಳ ಹೆಸರು ಹೇಳ್ದೆ. ಆರು ವರ್ಷ ಇವಳು ನನ್ನ ತಪ್ಪು ಹೊತ್ಕೊಂಡು ತಿರುಗಿದಾಳೆ. ಎಲ್ರೂ ಕೇಳಿಸ್ಕೊಂಡ್ರಾ? ಹಿಂದಿರೋರಿಗೆ ಕೇಳಿಸ್ತಾ?"

ಅಮ್ಮಾ, ಅವನು ಆ ಮಾತನ್ನು ಹಿಂದಿರುವವರಿಗಾಗಿ ಇನ್ನೊಂದು ಸಲ ಹೇಳಿದ! ಅಂಥ ಹಟಮಾರಿ ಅವನು. ಡಿಟ್ಮರ್ ಕೋಟು ಕಳಚಿ ಬೇಲಿಗೆ ಹಾಕಿದರು. ಆಮೇಲೆ, "ನನ್ಗೊಂದು ಬಕೆಟ್ ಕೊಡ್ರಪ್ಪ" ಎಂದರು.

ಮಧ್ಯಾಹ್ನ ಒಂದಕ್ಕೆ ಅಂಪೈರು ಬಂದು ಎರಡನೇ ಬೇಸಿನ ಹತ್ತಿರ ಜಿಗಿಜಿಗಿದು ನೋಡಿದ. ಬೂಟಿಗೆ ಕೆಸರು ಹತ್ತಲಿಲ್ಲ. "ಆಡಿ" ಎಂದ. ಆಗ ಎದ್ದ ಕೂಗು ನಿನಗೆ ರೇಡಿಯೋ ಇಲ್ಲದೆಯೇ ಕೇಳಿಸಿರಬೇಕು.

ಗೆರೆಗಳಿಗೆ ಸುಣ್ಣ ಎಳೆಯುವ ಮುಂಚೆ ಒಂದು ಸಂಗತಿ ನಡೆಯಿತು. ನಾನು ಚೆಂಡು ಎಸೆಯುವವನು ನಿಲ್ಲುವ ದಿಬ್ಬ ತಿದ್ದುತ್ತಿದ್ದೆ. ತಲೆ ಎತ್ತಿದರೆ ಅಪ್ಪ ಮೂರನೇ ಗೆರೆಯ ಹತ್ತಿರ ಒಬ್ಬನೇ ನಿಂತಿದ್ದಾನೆ, ಕೈಯಲ್ಲಿ ಹಲುಬೆ. ಮಂಡಿಯೂರಿದ, ಎದ್ದ, ಮತ್ತೆ ಮಂಡಿಯೂರಿದ. ಅವನು ಫೆರಿಮೆನ್ ಕಡೆಯವನು. ಆ ಗೆರೆ ನಮ್ಮ ತಂಡದ ಪ್ರಾಣ. ಹೋಗಿ ನೋಡಬೇಕು ಎನ್ನಿಸಿತು. ನೋಡಲಿಲ್ಲ. ನೋಡಿದ್ದರೆ ಬೆಳಿಗ್ಗೆ ಅವನಾಡಿದ ಮಾತನ್ನು ನಾನು ನಂಬಲಿಲ್ಲ ಎಂದಾಗುತ್ತಿತ್ತು.

ಕೊನೆಯ ಇನಿಂಗ್ಸ್. ಮೂರು ಮೂರು ಸಮ. ನಮ್ಮವನೊಬ್ಬ ಮೂರನೇ ಬೇಸಿನಲ್ಲಿದ್ದ, ಅವನು ಹೋಮ್ ಬೇಸ್ ಮುಟ್ಟಿದರೆ ಗೆಲುವಿನ ಓಟ. ಬ್ಯಾಟು ಹಿಡಿದವನು ಕುಳ್ಳ ಪಾವ್ಲಕ್. ಅವನು ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಗೆರೆಯ ಗುಂಟ ಉರುಳಿಸಿದ. ಮೂರನೇ ಬೇಸಿನಲ್ಲಿದ್ದವನು ನುಗ್ಗಿ ಹೋಮ್ ಬೇಸ್ ಮುಟ್ಟಿಬಿಟ್ಟ. ಡಾಲ್ಟನ್ ಓಡಿ ಬಂದ, ಆದರೆ ಚೆಂಡು ಎತ್ತಲಿಲ್ಲ. ಎತ್ತಿ ಎಸೆದರೂ ತಡವಾಗಿತ್ತು. ಗೆರೆ ದಾಟಿ ಹೊರಗೆ ಹೋದರೆ ಓಟ ರದ್ದಾಗುತ್ತದೆ ಎಂದು ಚೆಂಡಿನ ಮೇಲೆ ಬಗ್ಗಿಕೊಂಡು ಅದರ ಜೊತೆಗೇ ನಡೆದ. "ಹೋಗು, ಹೋಗು, ಹೋಗು" ಎನ್ನುತ್ತಿದ್ದ. ಮೂರು ಸಾವಿರ ಜನ ಎದ್ದು ನಿಂತು ಒಂದು ಚೆಂಡು ಉರುಳುವುದನ್ನು ನೋಡುತ್ತಿದ್ದರು. ಅದು ಸುಣ್ಣದ ಮೇಲೆ ಬಂತು. ಹೊರಕ್ಕೆ ವಾಲಿತು. ಅಲ್ಲಿಂದ ಮೆಲ್ಲನೆ ಒಳಕ್ಕೆ ತಿರುಗಿ, ಗೆರೆಯಿಂದ ಎರಡು ಬೆರಳಿನಷ್ಟು ಈಚೆಗೆ ಬಂದು ನಿಂತಿತು.

ಆಮೇಲೆ ಏನಾಯಿತೋ ನನಗೆ ಸರಿಯಾಗಿ ನೆನಪಿಲ್ಲ. ಆಟಗಾರರು ಪಾವ್ಲಕ್‌ನನ್ನು ಎತ್ತಿಕೊಂಡರು. ಅವನನ್ನು ಕೆಳಗೆ ಬಿಟ್ಟು ನನ್ನನ್ನು ಎತ್ತಿಕೊಂಡರು. ಮೇಲಿನಿಂದ ನೋಡಿದೆ. ಅಪ್ಪ ಸೋತ ತಂಡದ ಬೆಂಚಿನ ಹತ್ತಿರ ಫೆರಿಮೆನ್ ಟೋಪಿ ಹಾಕಿಕೊಂಡು ನಿಂತು, ಅಂಗೈ ಕೆಂಪಾಗುವ ಹಾಗೆ ಚಪ್ಪಾಳೆ ತಟ್ಟುತ್ತಿದ್ದ.

ಇವತ್ತು ಬೆಳಿಗ್ಗೆ ನನ್ನ ಕೊಠಡಿಯ ಬಾಗಿಲಿನ ಹಲಗೆ ಬದಲಾಗಿದೆ. 'ತಾತ್ಕಾಲಿಕ' ಇಲ್ಲ. ಡಿಟ್ಮರ್ ಹೊಸ ಟಾರ್ಪಾಲಿಗೂ ಹೇಳಿದ್ದಾರೆ.

ಕ್ರಿಸ್ಮಸ್ಸಿಗೆ ಬರುತ್ತೇನೆ. ಗಸಗಸೆಯದನ್ನು ಜಾಸ್ತಿ ಮಾಡು. ಅಪ್ಪನಿಂದ ಬಚ್ಚಿಡು.

ನಿನ್ನ ಮಾರ್ಲಿಸ್


ಹಾಲ್ಬರ್ಗ್ ಫೆರಿ
ಸೆಪ್ಟೆಂಬರ್ 15, 1984

ಮಗಳೇ,

ಅಮ್ಮನಿಗೆ ಬರೆದ ಕಾಗದವನ್ನು ಅವಳು ನನಗೆ ಮೂರು ಸಲ ಓದಿ ಹೇಳಿದಳು. 'ಹಟಮಾರಿ' ಎಂಬಲ್ಲಿ ಮೂರು ಸಲವೂ ದನಿ ಏರಿಸಿದಳು.

ಆ ಹಳದಿ ಚೌಕದ ಚಿತ್ರ ನಮ್ಮ ಕ್ಲಬ್ಬಿನ ಕಚೇರಿಯ ಗೋಡೆಯ ಮೇಲೂ ತೂಗುತ್ತಿತ್ತು. ಇಷ್ಟು ವರ್ಷ ಅದರ ಕೆಳಗೇ ಕೂತು ನಾನು ಕಾಫಿ ಕುಡಿದೆ. ಸೋಮವಾರ ಅದನ್ನು ಇಳಿಸಿ, ನಿನ್ನ ಹೆಸರನ್ನು ಕೆರೆದುಹಾಕಿ, 'ಸುಟ್ಟವನು ವೆಂಡೆಲ್ ಕುಚೇರಾ' ಎಂದು ದಪ್ಪ ಅಕ್ಷರದಲ್ಲಿ ಬರೆದೆ. ಅಲ್ಲೇ ಮತ್ತೆ ತೂಗುಹಾಕಿದ್ದೇನೆ. ಪತ್ರಿಕೆಯವರಿಗೂ ಹೇಳಿದ್ದೇನೆ. ಈ ಭಾನುವಾರ ಹಾಕುತ್ತಾರೆ.

ಇನ್ನು ಗೆರೆಯ ವಿಚಾರ. ನಾನೇನು ಮಾಡಿದೆ ಎಂದು ನೀನು ಕೇಳಲಿಲ್ಲ. ಅವತ್ತು ಕೇಳಲಿಲ್ಲ, ಅಮ್ಮನ ಕಾಗದದಲ್ಲೂ ಕೇಳಿಲ್ಲ. ಆದರೂ ಹೇಳುತ್ತೇನೆ.

ಹಲುಬೆಯ ಹಿಂಬದಿಯಿಂದ ನಾಲ್ಕು ಸಲ ತಟ್ಟಿದ್ದರೆ ಸಾಕಿತ್ತು, ನಮ್ಮವರೇ ಚಾಂಪಿಯನ್. ಮೂವತ್ತೊಂದು ವರ್ಷ ಆ ತಂಡದ ಅನ್ನ ತಿಂದವನು ನಾನು. ಕೈ ಎತ್ತಿದ್ದೂ ನಿಜ. ಆಗ ಮೇ ತಿಂಗಳಲ್ಲಿ ನಿನಗೆ ಬರೆದ ಮಾತು ನೆನಪಾಯಿತು. ಅರ್ಧ ಇಂಚು ಹೆಚ್ಚು ಇದ್ದರೆ ಇಳಿಸುವುದು ಮೋಸವಲ್ಲ, ತಪ್ಪು ತಿದ್ದಿದ ಹಾಗೆ ಎಂದು ನನಗೆ ನಾನೇ ಹೇಳಿಕೊಂಡೆ. ಜೇಬಿನಿಂದ ದಾರ ತೆಗೆದು, ಗೂಟ ಹೊಡೆದು ಅಳೆದೆ.

ಹೆಚ್ಚಿರಲಿಲ್ಲ ಮಾರ್ಲಿಸ್. ವಸಂತದಿಂದ ಬಿದ್ದ ಮಳೆ, ಅದರ ಮೇಲೆ ಐದು ದಿನದ ಮಳೆ, ಎಲ್ಲ ಸೇರಿ ಗೆರೆ ಅರ್ಧ ಇಂಚು ಕುಸಿದಿತ್ತು. ಕುಸಿದು, ಎಷ್ಟಿರಬೇಕೋ ಸರಿಯಾಗಿ ಅಷ್ಟೇ ನಿಂತಿತ್ತು. ನಾನು ಹೇಳಿದಂತೆ ನೀನು ಮೇ ತಿಂಗಳಲ್ಲಿ ಇಳಿಸಿದ್ದರೆ ಆ ಚೆಂಡು ಹೊರಗೆ ಹೋಗುತ್ತಿತ್ತು. ನನ್ನ ಮೊಣಕಾಲಿಗೆ ಅದೇ ದಿನದ ಮಳೆ ತಿಳಿಯಲಿಲ್ಲ. ನೀನು ನಾಲ್ಕು ತಿಂಗಳಾಚೆಯ ಮಳೆಗೆ ಮಣ್ಣಿನಲ್ಲಿ ಜಾಗ ಬಿಟ್ಟಿದ್ದೆ.

ದಾರ ಸುತ್ತಿ ಜೇಬಿಗೆ ಹಾಕಿಕೊಂಡೆ. ಗೆರೆಯನ್ನು ಮುಟ್ಟಲಿಲ್ಲ. ಅಲ್ಲಿ ನನಗೆ ತಿದ್ದಲು ಏನೂ ಇರಲಿಲ್ಲ.

ಬಟ್ಟೆಯ ಮೂಟೆ ಬಂದಿದೆ. ಎಲ್ಲ ಪ್ಯಾಂಟಿನ ಮೇಲೂ ನಿನ್ನ ಮಣ್ಣು. ಅಮ್ಮ ಬೆಳಿಗ್ಗೆಯಿಂದ ಉಜ್ಜುತ್ತಿದ್ದಾಳೆ, ಹೋಗುತ್ತಿಲ್ಲ. ಇಷ್ಟು ಗಟ್ಟಿ ಮಣ್ಣು ನಾನು ಎಂದೂ ಮಾಡಿರಲಿಲ್ಲ. ಕ್ರಿಸ್ಮಸ್ಸಿಗೆ ಬಂದಾಗ ಹೇಗೆ ಬೆರೆಸಿದೆ ಎಂದು ನನಗೂ ಹೇಳಿಕೊಡು.

ಪ್ರೇರಿ ಡೆಲ್ ಮೈದಾನದ ಮುಖ್ಯಸ್ಥೆ ಮಾರ್ಲಿಸ್ ಕುಚೇರಾಳ ಅಪ್ಪ,
ವೆಂಡೆಲ್